‘ಆನ್ ದೋ’ ಅಂದರೆ ಓಡಿ ಬರುವ ನಾಯಿ

ಶಹಾಬಾದದಿಂದ ವಾಡಿ, ವಾಡಿಯಿಂದ ಚಿತ್ತಾಪುರ, ಅಲ್ಲಿಂದ ಸೇಡಂ, ಸುಲೇಪೇಟ, ಆಮೇಲೆ ಚಿಂಚೋಳಿ. ಈ ದಾರಿಯನ್ನು ನನ್ನಷ್ಟು ಸವೆಸಿದವರು ಯಾರಾದರೂ ಇದ್ದರೆ ಬರಲಿ, ನನ್ನ ಕಡೆಯಿಂದ ಒಂದು ಚಹಾ. ಯಾವ ಬೇವಿನ ಗಿಡದ ನೆರಳು ಮಧ್ಯಾಹ್ನ ರಸ್ತೆಯ ಯಾವ ಬದಿಗೆ ಬೀಳುತ್ತದೆ, ಯಾವ ಹಳ್ಳ ಮೊದಲ ಮಳೆಗೇ ಸೇತುವೆ ಹತ್ತಿ ಕೂಡುತ್ತದೆ, ಯಾವ ಹೋಟೆಲಿನ ಮಂಡಕ್ಕಿ ಸುಸಲಾ ಬೆಳಿಗ್ಗೆಯೇ ಖಾಲಿಯಾಗುತ್ತದೆ, ಎಲ್ಲ ಕಣ್ಣು ಮುಚ್ಚಿ ಹೇಳುತ್ತೇನೆ. ಆದರೂ ಎಷ್ಟೋ ವರ್ಷ ಈ ದಾರಿಯಲ್ಲಿ ಕೆಲಸವಿಲ್ಲದೆ ಒಮ್ಮೆಯೂ ಗಾಡಿ ನಿಲ್ಲಿಸಿದವನಲ್ಲ ನಾನು. ಕಲ್ಲು ತುಂಬು, ಕಲ್ಲು ಇಳಿಸು, ಮನೆಗೆ ಬಾ. ನಿಲ್ಲಿಸುವುದನ್ನು ಕಲಿಸಿದ್ದು ನಮ್ಮ ನಾಯಿ. ಅದಕ್ಕೆ ಉಚ್ಚೆ ಬರುತ್ತದಲ್ಲ!

ಮೊದಮೊದಲು ಅದು ಕಾಲೆತ್ತಿ ಮುಗಿಸುವ ತನಕ ಎಂಜಿನ್ ಚಾಲೂ ಇಟ್ಟೇ ಕಾಯುತ್ತಿದ್ದೆ. ಡೀಸೆಲ್ ಸುಡುತ್ತದೆಂದು ಆಮೇಲೆ ಬಂದ್ ಮಾಡತೊಡಗಿದೆ. ಬಂದ್ ಮಾಡಿದ್ದೇ ತಡ, ಏನೇನು ಕೇಳಿಸುತ್ತದೆ ಅಂತೀರಿ! ತೊಗರಿ ಸಾಲಿನೊಳಗೆ ಬುರ್ಲಿ ಹಕ್ಕಿಗಳ ಗುಲ್ಲು, ದೂರದಲ್ಲೆಲ್ಲೋ ನವಿಲಿನ ಕೂಗು, ರಸ್ತೆ ಪಕ್ಕದ ಕಾಲುವೆಯಲ್ಲಿ ನೀರು ತನ್ನ ಪಾಡಿಗೆ ತಾನು ಮಾತಾಡುವುದು. ನಾನು ಹುಟ್ಟಿ ಬೆಳೆದ ನೆಲ, ನನಗೇ ಹೊಸದಾಗಿ ಕೇಳಿಸಿತು.

ನನ್ನ ಕೆಲಸ ಹೇಳಿಬಿಡುತ್ತೇನೆ. ಶಹಾಬಾದದ ನೆಲದೊಳಗಿನಿಂದ ಪದರು ಪದರಾಗಿ ಬರುವ ಕಲ್ಲಿಗೆ ನಾವು ಫರಸಿ ಅನ್ನುತ್ತೇವೆ. ಮನೆ ನೆಲಕ್ಕೆ ಹಾಸುವ ಕಲ್ಲು ಅದು. ಐದನೇ ಇಯತ್ತೆ ಅರ್ಧಕ್ಕೇ ಬಿಟ್ಟು ನಾನು ಕಲ್ಲಿನ ಖಣಿಗೆ ಹೋದವನು. ಕಲ್ಲು ಎತ್ತಿದೆ, ಕಲ್ಲು ಕಡಿದೆ, ಕಲ್ಲಿನ ಲಾರಿಗೆ ಕ್ಲೀನರಾದೆ, ಡ್ರೈವರಾದೆ. ಈಗ ಸ್ವಂತದ ಗೂಡ್ಸ್ ಟೆಂಪೊ ಇದೆ. ಫರಸಿಯನ್ನು ಅಡ್ಡ ಮಲಗಿಸದೆ ನಿಲ್ಲಿಸಿ, ನಡುವೆ ಭತ್ತದ ಹುಲ್ಲು ತುರುಕಿ, ಎಂಥ ಕುಣಿ ಬಿದ್ದ ರಸ್ತೆಯಲ್ಲೂ ಒಂದು ಮೂಲೆ ಸಹ ಒಡೆಯದಂತೆ ಒಯ್ದು ಕೊಡುತ್ತೇನೆ. ಸೇಡಂ, ಚಿಂಚೋಳಿ ತಾಲೂಕಿನಲ್ಲಿ ಎಷ್ಟೋ ಮನೆಗಳ ಮಂದಿ ಇವತ್ತು ಕಾಲಿಡುತ್ತಿರುವ ನೆಲ ನನ್ನ ಗಾಡಿಯಲ್ಲಿ ಹೋದದ್ದು. ಹೇಳಿಕೊಳ್ಳಲಿಕ್ಕೆ ನಾಚಿಕೆ ಯಾಕೆ? ದುಡಿದದ್ದು ನಾನೇ.

ನಾಯಿ ಸಿಕ್ಕಿದ್ದೂ ಕಲ್ಲಿನೊಳಗೇ. ಶಹಾಬಾದದಲ್ಲಿ ನಾನು ಮಾಲು ತುಂಬುವ ಅಡ್ಡೆಯಲ್ಲಿ ಫರಸಿಗಳನ್ನು ಒಂದಕ್ಕೊಂದು ಆನಿಸಿ ಗುಡಾರದ ಹಾಗೆ ನಿಲ್ಲಿಸಿರುತ್ತಾರೆ. ಅಂಥದೊಂದು ಗುಡಾರದಡಿ ಅದು ಹುಟ್ಟಿತು. ಬಣ್ಣವೂ ಥೇಟ್ ಫರಸಿಯದೇ, ಮಳೆಯಲ್ಲಿ ತೊಯ್ದ ಕಲ್ಲಿನ ನೀಲಿ ಬೂದು. ಒಂದು ಕಿವಿ ಮೇಲೆ, ಒಂದು ಕೆಳಗೆ. ಒಡಹುಟ್ಟಿದ ಮರಿಗಳನ್ನು ಯಾರ್‍ಯಾರೋ ಒಯ್ದರು. ಕಿವಿ ಸರಿಯಿಲ್ಲ ಅಂತ ಇದೊಂದು ಉಳಿಯಿತು. ಅಲ್ಲಿ ಬೇವಿನ ಟೊಂಗೆಗೆ ತಂತಿಯಿಂದ ಫರಸಿಯ ತುಂಡೊಂದನ್ನು ತೂಗುಹಾಕಿದ್ದಾರೆ. ಮಧ್ಯಾಹ್ನ ಅದಕ್ಕೆ ಸುತ್ತಿಗೆಯಿಂದ ಠಣ್ ಠಣ್ ಎಂದು ಬಡಿದರೆ ಎಲ್ಲರೂ ಕೈ ತೊಳೆದು ಬುತ್ತಿ ಬಿಚ್ಚುತ್ತಾರೆ. ಮರಿ ಆ ಬುತ್ತಿಗಳ ನಡುವೆ ಬೆಳೆಯಿತು.

ನನಗೂ ಅದಕ್ಕೂ ಗೆಳೆತನ ಬೆಳೆದದ್ದು ರಿವರ್ಸ್‌ನಿಂದ. ನನ್ನ ಗಾಡಿಗೆ ಕ್ಲೀನರ್ ಇಲ್ಲ. ಹಿಂದೆ ತಗೊಳ್ಳುವಾಗ ಅಡ್ಡೆಯ ಹಮಾಲರೇ ನಿಂತು ಕೂಗುತ್ತಾರೆ: “ಆನ್ ದೋ... ಆನ್ ದೋ... ಆನ್ ದೋ... ಬಸ್!” ನಮ್ಮ ಕಡೆ ಕನ್ನಡದವರಿರಲಿ, ತೆಲುಗಿನವರಿರಲಿ, ಗಾಡಿ ಹಿಂದೆ ತಗೊಳ್ಳುವಾಗ ಬಾಯಲ್ಲಿ ಬರುವುದು ದಖನಿ ಮಾತೇ. ಆನ್ ದೋ ಅಂದರೆ ಬರಲಿ ಬರಲಿ. ಬಸ್ ಅಂದರೆ ಸಾಕು. ಬಸ್ ಅಂದ ಕೂಡಲೇ ನಾನು ಇಳಿದು ಮರಿಗೆ ಬಿಸ್ಕೀಟು ಒಗೆಯುತ್ತಿದ್ದೆ. ಮರಿ ಲೆಕ್ಕ ಹಾಕಿತು. ಈ ಮಂದಿ ಗಂಟಲು ಹರಿದುಕೊಂಡು ಕರೆಯುತ್ತಿರುವುದು ನನ್ನನ್ನೇ! ಆನ್ ದೋ ಅಂದರೆ ಎಲ್ಲಿದ್ದರೂ ಓಡಿ ಬರಬೇಕು, ಬಸ್ ಅಂದರೆ ಇದ್ದಲ್ಲೇ ಕೂಡಬೇಕು, ಆಮೇಲೆ ಬಿಸ್ಕೀಟು ಬರುತ್ತದೆ. ಒಂದು ದಿನ ಬಿಸ್ಕೀಟು ತಿಂದು ಸೀದಾ ಗಾಡಿಯ ಎಡಗಡೆ ಸೀಟಿಗೆ ಏರಿ ಕೂತಿತು. ಇಳಿಸಿದೆ. ಮತ್ತೆ ಏರಿತು. ಅಡ್ಡೆಯವರು ನಕ್ಕರು: “ಒಯ್ರಿ ಕಾಕಾ, ನಿಮಗ ಕ್ಲೀನರ್ ಸಿಕ್ಕ.”

ಮನೆಗೆ ಬಂದಾಗ ನಮ್ಮ ಮನೆಯಾಕೆ ಬಾಗಿಲಲ್ಲೇ ನಿಂತು ಇಬ್ಬರನ್ನೂ ನೋಡಿದಳು.

“ಏನ್ರೀ, ಕಲ್ಲು ತರ್‍ರಿ ಅಂದ್ರ ನಾಯಿ ತಂದೀರಿ?”

“ಕಲ್ಲಿನ ಬಣ್ಣಾನೇ ಅದಲ್ಲ, ಹೊಂದ್ಕೋ.”

“ಹೆಸರೇನಿಡ್ತೀರಿ?”

“ಹೆಸರು ಯಾಕ ಬೇಕು? ಆನ್ ದೋ ಅಂದ್ರ ಬರ್ತದ, ಬಸ್ ಅಂದ್ರ ಕುಂದಿರ್ತದ. ಈ ಓಣ್ಯಾಗ ಯಾರ ಮಕ್ಕಳು ಅಷ್ಟು ಮಾತು ಕೇಳ್ತಾವ ಹೇಳು.”

ಅವಳು ತಿರುಗಿ ಒಳಗೆ ಹೋದಳು. ಆದರೆ ಆ ಸಂಜೆ ರೊಟ್ಟಿಯ ಲೆಕ್ಕದಲ್ಲಿ ಒಂದು ಹೆಚ್ಚಾಗಿತ್ತು.

ಆ ಮಳೆಗಾಲ! ಅದನ್ನು ಹೇಗೆ ಹೇಳಲಿ. ಮೋಡ ಕವಿದರೆ ಸಾಕು, ನಾಯಿ ಕಿಟಕಿಯಿಂದ ಕುತ್ತಿಗೆ ಹೊರಗೆ ಹಾಕಿ, ನೆಟ್ಟಗಿರುವ ಕಿವಿಯನ್ನು ಗಾಳಿಗೆ ಮಲಗಿಸಿ, ಮಲಗಿದ ಕಿವಿಯನ್ನು ಗಾಳಿಗೆ ಎಬ್ಬಿಸಿ, ಹಲ್ಲು ಬಿಟ್ಟು ಕೂಡುತ್ತಿತ್ತು. ಚಿತ್ತಾಪುರ ದಾಟಿದ ಮೇಲೆ ಎರಡೂ ಕಡೆ ಕರಿ ಮಣ್ಣು ನೀರು ಕುಡಿದು ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಅದರೊಳಗೆ ಒಮ್ಮೆ ಇಳಿದು ನೋಡಿತು. ನಾಲ್ಕೂ ಕಾಲಿಗೆ ಮಣ್ಣಿನ ಬೂಟು ಮೆತ್ತಿಕೊಂಡು, ಆನೆಮರಿಯ ಹಾಗೆ ಕಾಲು ಎತ್ತೆತ್ತಿ ಇಟ್ಟು ಬಂದದ್ದು ನೋಡಿ ನಾನು ಸ್ಟೇರಿಂಗ್ ಮೇಲೆ ಬಿದ್ದು ನಕ್ಕೆ. ಸೇಡಂ ಹತ್ತಿರ ಕಾಗಿಣಾ ಹೊಳೆ ಕೆಂಪಗೆ ತುಂಬಿ ಹೋಗುತ್ತಿತ್ತು. ಸೇತುವೆಯ ಈಚೆ ನಿಂತು ಇಬ್ಬರೂ ನೋಡಿದೆವು. ನೀರಲ್ಲಿ ಒಂದು ಇಡೀ ಜಾಲಿ ಗಿಡ ಬೇರು ಮೇಲೆ ಮಾಡಿಕೊಂಡು ಹೋಯಿತು. ಅದರ ಮೇಲೊಂದು ಬೆಳ್ಳಕ್ಕಿ ಬಸ್ಸಿನಲ್ಲಿ ಕೂತ ಹಾಗೆ ಆರಾಮಾಗಿ ಕೂತಿತ್ತು. ನಾಯಿ ಅದಕ್ಕೆ ಬೊಗಳಲಿಲ್ಲ. ಅಸೂಯೆಯಿಂದ ನೋಡಿತು.

ಸುಲೇಪೇಟ ದಾಟಿ ಚಿಂಚೋಳಿಯತ್ತ ಹೋದಂತೆ ಮಣ್ಣಿನ ಬಣ್ಣವೇ ತಿರುಗುತ್ತದೆ, ಕರಿದು ಹೋಗಿ ಕೆಂಪು. ಗುಡ್ಡ, ತೇಗ, ಹಸಿರು. ಅಡವಿಯ ಅಂಚಿನಲ್ಲಿ ಹಳ್ಳವೊಂದು ಬಂಡೆಯ ಮೇಲಿಂದ ಬೀಳುತ್ತದೆ. ಅಂಥದಕ್ಕೆ ನಾವು ಧಬಧಬಿ ಅನ್ನುತ್ತೇವೆ, ಅದು ಬೀಳುವ ಸದ್ದೇ ಅದರ ಹೆಸರು. ಚಿಮ್ಮನಚೋಡದಲ್ಲಿ ಒಬ್ಬ ರೈತರ ಮನೆಗೆ ಫರಸಿ ಇಳಿಸಿದ ಮೇಲೆ ಅವರೇ ದಾರಿ ಹೇಳಿ ಕಳಿಸಿದರು: “ಇಷ್ಟು ದೂರ ಬಂದು ನೋಡ್ಲಾರ್‍ದ ಹೋದ್ರ ಪಾಪ ಹತ್ತತದ, ಹೋಗಿ ಬರ್‍ರಿ.” ಇಷ್ಟು ವರ್ಷ ಆ ಕಡೆ ಓಡಾಡಿಯೂ ನಾನು ನೋಡಿರಲಿಲ್ಲ! ನಾಯಿ ಮುಂದೆ, ನಾನು ಹಿಂದೆ. ಗಿಡಗಳ ನಡುವೆ ತಿರುಗಿದೆವು, ಎದುರಿಗೆ ಬೆಳ್ಳನೆಯ ನೀರು ಮೇಲಿನಿಂದ ಕೆಳಗೆ ಒಂದೇ ಸಮ ಸುರಿಯುತ್ತಿದೆ! ನನ್ನ ಬಾಯಿಂದ “ಅಬಬಬಬ” ಅಂತ ಬಂತು. ನಾಯಿ ನೀರಿಗೆ ಬೊಗಳಿತು. ನೀರು ನಿಲ್ಲಲಿಲ್ಲ. ಇನ್ನೂ ಜೋರಾಗಿ ಬೊಗಳಿತು. ಆಮೇಲೆ ಸೋತು, ನನ್ನ ಕಾಲ ಮೇಲೆ ಕೂತು, ಅದೂ ಸುಮ್ಮನೆ ನೋಡಿತು. ತುಂತುರು ಬಂದು ಇಬ್ಬರ ಮುಖಕ್ಕೂ ಹೊಡೆಯುತ್ತಿತ್ತು. ಮುಂದಿನ ಮಳೆಗಾಲಕ್ಕೆ ಮನೆಯಾಕೆಯನ್ನೂ ಕರೆದುಕೊಂಡು ಬರಬೇಕು ಎಂದು ಅಲ್ಲೇ ನಿಶ್ಚಯ ಮಾಡಿದೆ. ಮೂವರೂ ಬರಬೇಕು. ಮನೆಗೆ ಹೋಗಿ ಅವಳಿಗೂ ಹೇಳಿದೆ. ಆ ದಿನದಿಂದ ಅದು ನನ್ನ ತಲೆಯೊಳಗೆ ಕೂತುಬಿಟ್ಟಿತು.

ಚಳಿಗಾಲ ಬಂತು. ತೊಗರಿ ಹೂವು ಬಿಟ್ಟು ಚಿಂಚೋಳಿ ತನಕ ಹಳದಿ. ಬೆಳಿಗ್ಗೆ ಮಂಜಿನಲ್ಲಿ ಲೈಟು ಹಚ್ಚಿಕೊಂಡು ಹೋಗುವಾಗ ನಾಯಿಯ ಉಸಿರು ಒಳಗಿನ ಗಾಜಿಗೆ ಹತ್ತಿ, ನಾನು ಒಂದು ಕಡೆ ಒರೆಸಿದರೆ ಅದು ಇನ್ನೊಂದು ಕಡೆ ನೆಕ್ಕುತ್ತಿತ್ತು. ಜೋಳ ಹಾಲು ತುಂಬಿದ ಕಾಲಕ್ಕೆ ಹೊಲದವರು ಎಳೆ ತೆನೆ ಸುಟ್ಟು ಉಜ್ಜಿ ಬಿಸಿ ಬಿಸಿ ಸೀತನಿ ಕೊಡುತ್ತಿದ್ದರು. ನನ್ನ ನಾಯಿ ಸೀತನಿ ತಿನ್ನುತ್ತದೆ, ಬೆಲ್ಲ ಇದ್ದರೆ ಮಾತ್ರ. ಯಾರೂ ನಂಬುವುದಿಲ್ಲ. ಬಂದು ನೋಡಿರಿ.

ಎಳ್ಳಮಾಸಿಗೆ ಚಿಮ್ಮನಚೋಡದ ಆ ರೈತರು ಹೊಲಕ್ಕೆ ಕರೆದರು. “ನಾಯಿನೂ ಕರ್ಕೊಂಡು ಬರ್‍ರಿ” ಎಂದು ಒತ್ತಿ ಹೇಳಿದ್ದರು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಅಂಬಲಿ, ಶೇಂಗಾ ಹೋಳಿಗೆ. ಊಟಕ್ಕೆ ಮುಂಚೆ ಭೂಮಿತಾಯಿಗೆ ಚರಗ ಚೆಲ್ಲಬೇಕು. ಅವರು ಬುಟ್ಟಿ ಹಿಡಿದು, ಕೂಗುತ್ತಾ, ಹೊಲದ ತುಂಬ ಅನ್ನ ಪಲ್ಯ ಎರಚುತ್ತಾ ನಡೆದರು. ಹಿಂದಿನಿಂದ ನಮ್ಮ ನಾಯಿ, ಒಂದು ಅಗುಳು ಬಿಡದ ಹಾಗೆ, ಸಾಲು ಹಿಡಿದು ತಿನ್ನುತ್ತಾ ಹೊರಟಿತು! ರೈತರ ತಾಯಿ, ಮುಪ್ಪಿನ ಆಯಿ, ಬದುವಿನ ಮೇಲೆ ಕೂತವಳು ಕೋಲು ಎತ್ತಿದಳು.

“ಭೂಮ್ತಾಯಿ ಉಡಿ ತುಂಬ್ರಿ ಅಂದ್ರ ಇದು ತನ್ನ ಹೊಟ್ಟಿ ತುಂಬ್ಕೊಳ್ಳಾಕತ್ತದಲ್ಲೋ!”

“ಇರ್‍ಲಿ ಬಿಡವ್ವಾ, ಅದೂ ಭೂಮಿ ಮ್ಯಾಲಿನ ಜೀವಾನೇ” ಅಂದ ಮಗ.

“ಹೌದಪ್ಪಾ ಹೌದು. ನಾಳಿ ತೊಗರಿ ಬಿಟ್ಟು ಬಾಲ ಬೆಳದ್ರ ಏನ್ ಮಾಡ್ತಿ?”

ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ನಾಯಿಯ ಮರ್ಯಾದೆ ಉಳಿಸಲಿಕ್ಕೆ ನಾನು ಅದರ ವಿದ್ಯೆ ತೋರಿಸಿದೆ. ಹೊಲದ ಆ ತುದಿಗೆ ಹೋಗಿ “ಆನ್ ದೋ!” ಅಂದೆ. ತೊಗರಿಯೊಳಗಿಂದ ಬಾಣದ ಹಾಗೆ ಬಂತು. “ಬಸ್!” ಕೂತಿತು. ಚಪ್ಪಾಳೆ ಬಿತ್ತು. ಆಯಿಗೂ ಹುರುಪು ಬಂತು. ಹಲ್ಲಿಲ್ಲದ ಬಾಯಲ್ಲಿ “ಆನ್ ಥೋ” ಅಂದಳು. ನಾಯಿ ನನ್ನನ್ನು ಬಿಟ್ಟು ಅವಳ ಹತ್ತಿರ ಓಡಿತು. ಅದರ ತಲೆ ಸವರುತ್ತಾ ಅವಳು ನನ್ನ ಕಡೆ ನೋಡಿದಳು.

“ಎಲ್ಲರೂ ಕರದ್ರ ಬರ್ತದಲ್ಲೋ ತಮ್ಮಾ ಇದು. ಎಲ್ಲರಿಗೂ ನಿಂದ್ರೋದು ಬಸ್ಸು. ನಾಯಿ ತನ್ನವರಿಗಷ್ಟ ಬರ್‍ಬೇಕು.”

ನಾನು ನಕ್ಕು ಇನ್ನೊಂದು ಹೋಳಿಗೆ ಮುರಿದೆ.

ಅದಾದ ಸ್ವಲ್ಪ ದಿನಕ್ಕೆ, ವಾಡಿಯಲ್ಲಿ. ರಸ್ತೆ ಬದಿ ಗಾಡಿ ನಿಲ್ಲಿಸಿ ಚಹಾ ಕುಡಿಯುತ್ತಿದ್ದೆ. ನಾಯಿ ಸೀಟಿನ ಮೇಲೆ ಮಲಗಿತ್ತು, ಗಾಜು ಇಳಿಸಿದ್ದೆ. ಎದುರಿಗೆ ಸಿಮೆಂಟಿನ ದೊಡ್ಡ ಲಾರಿಯೊಂದು ಹಿಂದೆ ತಗೊಳ್ಳತೊಡಗಿತು. ಅದರ ಕ್ಲೀನರ್ ಕೂಗಿದ: “ಆನ್ ದೋ! ಆನ್ ದೋ!” ನನ್ನ ಕೈಯಲ್ಲಿ ಚಹಾ ಇದ್ದಂತೆಯೇ ನಾಯಿ ಕಿಟಕಿಯಿಂದ ಹಾರಿ, ರಸ್ತೆ ದಾಟಿ, ಆ ಲಾರಿಯ ಬೆನ್ನಿಗೆ ಓಡಿತು. ಕ್ಲೀನರ್ ಅದನ್ನು ಕಂಡು ಗಾಬರಿಯಾಗಿ “ಬಸ್! ಬಸ್!” ಎಂದು ಕಿರುಚಿದ. ಬಸ್ ಅಂದರೆ ನಮ್ಮ ನಾಯಿ ಏನು ಮಾಡುತ್ತದೆ? ಕೂತುಬಿಟ್ಟಿತು. ಸೀದಾ ಹಿಂದಿನ ಗಾಲಿಯ ಎದುರಿಗೆ, ಬಿಸ್ಕೀಟಿಗೆ ಕಾಯುತ್ತಾ.

ಲಾರಿ ನಿಂತಿತು. ಗಾಲಿಗೂ ನಾಯಿಯ ಮೂತಿಗೂ ನಡುವೆ ಒಂದು ಗೇಣು ಇತ್ತೋ ಇಲ್ಲವೋ. ನಾನು ಹೋಗಿ ಅದನ್ನು ಎತ್ತಿಕೊಂಡೆ. ಅದು ನನ್ನ ಗದ್ದ ನೆಕ್ಕಿತು.

“ನಿಮ್ದೇನ್ ಕಾಕಾ ಈ ನಾಯಿ?” ಅಂದ ಕ್ಲೀನರ್, ಮುಖದ ಬೆವರು ಒರೆಸುತ್ತಾ. “ಸಾಯ್ಲಾಕ ಸುದ್ದಾ ಹೇಳಿದ್ ಮಾತು ಕೇಳ್ತದಲ್ಲ!”

ಮನೆಯಲ್ಲಿ ನಾನು ಈ ಸುದ್ದಿಯನ್ನು ಸ್ವಲ್ಪ ತಮಾಷೆ ಬೆರೆಸಿಯೇ ಹೇಳಿದೆ. ಮನೆಯಾಕೆ ನಗಲಿಲ್ಲ. ಎದ್ದು ಹೋಗಿ ಎಮ್ಮೆಗೆಂದು ತಂದಿಟ್ಟಿದ್ದ ಹಳೆಯ ಸರಪಳಿ ತಂದಳು.

“ಇನ್ನ ಇದು ಗಾಡಿ ಏರಂಗಿಲ್ಲ.”

“ಏ, ನನ್ನ ಮಾತು ಕೇಳ್ತದ ಅದು...”

“ನಿಮ್ಮ ಮಾತು ಎಲ್ಲಿ ಕೇಳ್ತದ್ರಿ? ಲಾರಿ ಮಾತು ಕೇಳ್ತದ. ಈ ದಾರಿ ತುಂಬ ಲಾರಿ. ಎಲ್ಲಾರೂ ಇದರ ಹೆಸರೇ ಕರ್‍ಯಾಕತ್ತಾರ.”

ಖರೆ ಮಾತು. ವಾಡಿ, ಚಿತ್ತಾಪುರ, ಸೇಡಂ, ಎಲ್ಲ ಕಡೆ ಸಿಮೆಂಟು, ಎಲ್ಲ ಕಡೆ ಲಾರಿ, ಬೆಳಗಿನಿಂದ ಸಂಜೆ ತನಕ ಆನ್ ದೋ, ಆನ್ ದೋ.

“ಬ್ಯಾರೆ ಕರೆ ಕಲಸ್ರಿ. ಆನ್ ದೋ ಅಂತ ಜಗತ್ತೇ ಕೂಗಿದ್ರೂ ಬಿಟ್ಟು ನಮ್ಮ ಕರೆಗೆ ಬರ್‍ಬೇಕು. ಅಂದ್ರ ಮಳಿಗಾಲಕ್ಕ ಮೂರೂ ಮಂದಿ ಧಬಧಬಿ ನೋಡ್ಲಾಕ ಹೋಗೋಣು. ಇಲ್ಲಾಂದ್ರ ಇದು ಇಲ್ಲೇ, ನಾನೂ ಇಲ್ಲೇ.”

ಅಷ್ಟೇನಾ, ಅಂದುಕೊಂಡೆ. ಖಣಿಯ ಕಲ್ಲನ್ನೇ ಹೇಳಿದ ಅಳತೆಗೆ ಸೀಳಿದವನಿಗೆ ನಾಯಿ ಯಾವ ಲೆಕ್ಕ?

ಬೇಸಿಗೆ ಶುರುವಾಯಿತು, ನನ್ನ ಸಾಲಿಯೂ ಶುರುವಾಯಿತು. ಮೊದಲು ‘ಬಾ’ ಕಲಿಸಿದೆ. ಓಣಿಯಲ್ಲಿ ಎಲ್ಲರೂ ಎಲ್ಲರಿಗೂ ಬಾ ಅನ್ನುತ್ತಾರೆ. ನಾಯಿ ಪಕ್ಕದ ಮನೆಯ ಸೀಮಂತಕ್ಕೆ ಹೋಗಿ ಕೂತಿತು. ‘ಕುರ್ ಕುರ್’ ಅಂತ ಕರೆದೆ. ಊರಿನ ಉಳಿದ ನಾಯಿಗಳೆಲ್ಲ ಬಂದವು, ನಮ್ಮದು ಮಾತ್ರ ಬೇಸರದಿಂದ ನೋಡಿತು. ಸೀಟಿ ಹೊಡೆದೆ. ಕುಕ್ಕರ್ ಅಂದುಕೊಂಡು ಅಡುಗೆಮನೆಗೆ ನುಗ್ಗಿತು. ಗಾಡಿಯ ಹಾರ್ನ್ ಬಾರಿಸಿದೆ. ಅದಕ್ಕೆ ಹಾರ್ನ್ ಅಂದರೆ ಹುಟ್ಟಿದಾಗಿನಿಂದ ಜೋಗುಳ, ಆಕಳಿಸಿ ಮಲಗಿತು. ಕೊನೆಗೆ ಸಿಟ್ಟು ಬಂದು ಸುಮ್ಮನೆ “ಲೇ ಮಗನ” ಎಂದು ಕೂಗಿದೆ. ಒಳಗಿಂದ ಮನೆಯಾಕೆ: “ನಿಮ್ಮ ಅಪ್ಪ ನಿಮಗ ಹಿಂಗಾ ಕರದ್ರ ನೀವು ಬರ್ತಿದ್ರೇನು?”

ಯಾವುದು ಕಲಿಸಿದರೂ, ದೂರದ ಹೆದ್ದಾರಿಯಿಂದ ಒಂದು ಆನ್ ದೋ ತೇಲಿ ಬಂದರೆ ಸಾಕು, ಸರಪಳಿ ಬಿಗಿಯಾಗುತ್ತಿತ್ತು.

ನಾನು ಒಬ್ಬನೇ ಲೋಡು ಹೊಡೆದೆ. ಫಾಲ್ಗುಣದಲ್ಲಿ ಚಿಂಚೋಳಿ ಅಡವಿಯ ಮುತ್ತಲ ಗಿಡಗಳು ಒಂದು ಎಲೆಯೂ ಇಲ್ಲದೆ ಬರೀ ಹೂವಾಗಿ ಕೆಂಪಗೆ ಉರಿಯುತ್ತವೆ. ನೋಡಿದ ಕೂಡಲೇ “ಅಲ್ಲಿ ನೋಡು!” ಎಂದು ಎಡಗಡೆ ತಿರುಗಿದೆ. ಖಾಲಿ ಸೀಟು. ಗಾಡಿ ನಿಲ್ಲಿಸಿ ಒಂದು ಟೊಂಗೆ ಹೂವು ಮುರಿದುಕೊಂಡು ಬಂದು ಮನೆಯಲ್ಲಿ ನಾಯಿಯ ಎದುರಿಗಿಟ್ಟೆ. ಮೂಸಿತು, ಸೀನಿತು. ಮನೆಯಾಕೆ ಅದನ್ನು ತಂಬಿಗೆಯಲ್ಲಿ ನೀರು ಹಾಕಿ ಇಟ್ಟಳು. ಆಕೆಗೂ ನೋಡುವ ಆಸೆ ಇತ್ತು ಎಂದು ನನಗೆ ಗೊತ್ತಾದದ್ದು ಆಗಲೇ.

ಬಿಸಿಲು ನೆತ್ತಿಗೇರಿತು. ನಮ್ಮ ಕಡೆಯ ವೈಶಾಖ ಅಂದರೆ ಕೇಳಬೇಡಿ. ಗಾಡಿಯ ಬಾಗಿಲು ಹಿಡಿದರೆ ಬೊಕ್ಕೆ ಬರುತ್ತದೆ. ಬೇವಿನ ಹೂವು ಉದುರಿ ಅಂಗಳವೆಲ್ಲ ಕಹಿ ಸುಗಂಧ. ಒಂದು ದಿನ ಮಧ್ಯಾಹ್ನ ಟೆಂಪೊದ ಕೆಳಗೆ ಮಲಗಿ ಸ್ಪ್ರಿಂಗಿನ ಪಾಟಾ ಬಿಗಿಯುತ್ತಿದ್ದೆ. ಎಂಜಿನ್ ಚಾಲೂ ಇತ್ತು. ಮನೆಯಾಕೆ ಊಟಕ್ಕೆ ಕರೆದು ಕರೆದು ಸಾಕಾಗಿದ್ದಳಂತೆ. ನನಗೆ ಒಂದೂ ಕೇಳಿಸಿರಲಿಲ್ಲ. ಅವಳೂ ಕಲ್ಲಿನ ಮಂದಿಯ ಮಗಳು, ಅವಳ ತಂದೆ ಖಣಿಯಲ್ಲೇ ದುಡಿದವರು. ಗೋಡೆಗೆ ಆನಿಸಿದ್ದ ಮುರುಕು ಫರಸಿಯೊಂದಕ್ಕೆ ತೂತಿತ್ತು. ಅದಕ್ಕೆ ತಂತಿ ಪೋಣಿಸಿ, ಬೇವಿನ ಟೊಂಗೆಗೆ ಕಟ್ಟಿ, ನನ್ನ ಸುತ್ತಿಗೆ ತಗೊಂಡು ಬಡಿದಳು.

ಠಣ್! ಠಣ್! ಠಣ್!

ಕೆಳಗೆ ಮಲಗಿದ್ದ ನನ್ನ ಹೊಟ್ಟೆ ಚುರ್ ಅಂದಿತು. ಎದ್ದೇಬಿಟ್ಟೆ, ಗಾಡಿಯ ಕೆಳಗಿದ್ದೇನೆ ಎಂಬುದನ್ನು ಮರೆತು. ಹಣೆಗೆ ಕಬ್ಬಿಣ ಬಡಿಯಿತು. ತಲೆ ಹಿಡಿದುಕೊಂಡು ತೆವಳಿ ಹೊರಬಂದೆ. ಏನು ನೋಡುತ್ತೇನೆ! ಮನೆಯ ಹಿಂದೆ ಕಟ್ಟಿದ್ದ ನಾಯಿ ಗೂಟ ಕಿತ್ತುಕೊಂಡು, ಸರಪಳಿ ಗೂಟ ಎರಡನ್ನೂ ಎಳೆದುಕೊಂಡು ಬಂದು, ಅವಳ ಕಾಲ ಹತ್ತಿರ ಕೂತು, ನಾಲಿಗೆ ನೆಲಕ್ಕೆ ಹಚ್ಚಿ ಜೊಲ್ಲು ಸುರಿಸುತ್ತಿದೆ!

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

“ಇನ್ನೊಮ್ಮಿ ಬಡಿ” ಅಂದೆ.

ನಾಯಿಯನ್ನು ಓಣಿಯ ಆ ತುದಿಗೆ ಒಯ್ದು ಬಿಟ್ಟೆ. ಅವಳು ಬಡಿದಳು. ನನ್ನ ಕೈಯಿಂದ ಜಾರಿ, ಆಡಿನ ಹಿಂಡೊಂದನ್ನು ಸೀಳಿಕೊಂಡು, ಮನೆಗೆ ಹೋಯಿತು. ನಾನೂ ಹಿಂದೆ ಓಡಿದೆ, ಈ ವಯಸ್ಸಿನಲ್ಲಿ, ಲುಂಗಿ ಎತ್ತಿಕೊಂಡು!

ಅಡ್ಡೆಯಲ್ಲಿ ಹುಟ್ಟಿದ ಮರಿ. ಕಣ್ಣು ಬಿಡುವ ಮುಂಚೆಯೇ ಆ ಕಲ್ಲಿನ ನಾದ ಅದರ ಕಿವಿಗೆ ಬಿದ್ದಿರಬೇಕು. ಆ ನಾದದ ಹಿಂದೆಯೇ ತಾಯಿಗೆ ಬುತ್ತಿಯ ರೊಟ್ಟಿ, ಮರಿಗಳಿಗೆ ಹಾಲು. ಆನ್ ದೋ ಅದು ಆಮೇಲೆ ಕಲಿತದ್ದು. ಇದು ಮೊದಲಿನದು. ಮೊದಲ ಮಾತನ್ನು ಯಾವ ಲಾರಿಯವನು ಕೂಗಿಯಾನು? ಲಾರಿಯವರು ಕಲ್ಲು ಬಾರಿಸುವುದಿಲ್ಲ.

“ನಾ ಕಲಸಿದ್ದು ನೋಡ್ರಿ” ಅಂದಳು ಮನೆಯಾಕೆ, ಸುತ್ತಿಗೆ ಹೆಗಲ ಮೇಲಿಟ್ಟುಕೊಂಡು. “ಬೇಸಿಗಿ ಪೂರಾ ಗಂಟಲು ಹರ್‍ಕೊಂಡ್ರಿ. ನಾ ಒಂದ್ ಏಟಿಗಿ ಕಲಿಸಿದೆ.”

“ನೀ ಊಟಕ್ಕ ಕರದಿ. ನಾಯಿ ಕಲ್ಸಲಾಕ ಬಡದಿಲ್ಲ.”

“ಬಂದದ್ದು ಯಾರ ಕರೆಗೆ?”

ಹಣೆ ಮೇಲೆ ಬುಗುಟೆ ಇಟ್ಟುಕೊಂಡು ವಾದ ಮಾಡುವುದು ಕಷ್ಟ. ಬಿಟ್ಟೆ.

ಮೃಗಶಿರಾ, ನಮ್ಮ ಬಾಯಲ್ಲಿ ಮಿರಗದ ಮಳೆ, ಈ ಸಲ ಮೊದಲ ದಿನವೇ ಜೋರಾಗಿ ಹಿಡಿಯಿತು. ಚಿಮ್ಮನಚೋಡದ ರೈತರು ಇನ್ನೊಂದು ಕೋಣೆಗೆ ಫರಸಿ ಬೇಕೆಂದು ಫೋನ್ ಮಾಡಿದರು. ಮಾಲು ತುಂಬಿದೆ. ಎಡಗಡೆ ಮನೆಯಾಕೆ, ಅವಳ ತೊಡೆ ಮೇಲೆ ಅರ್ಧ, ಕಿಟಕಿಯಲ್ಲಿ ಅರ್ಧ ನಾಯಿ. ಕಿಟಕಿಯ ಹೊರಗೆ ಕನ್ನಡಿಯ ಕಂಬಿಗೆ ಆ ಫರಸಿ ತುಂಡನ್ನು ಗಟ್ಟಿಯಾಗಿ ತೂಗುಹಾಕಿದ್ದೆ. ಸುತ್ತಿಗೆ ಅವಳ ಕೈಯಲ್ಲಿ. ಸರಪಳಿ ತರುವುದು ಬೇಡ ಎಂದವಳು ಅವಳೇ. ಆದರೆ ಷರತ್ತು ಬಿಡಲಿಲ್ಲ: “ಸೇಡಮ್ ದಾಟ್ಲಿ. ಅಲ್ಲಿ ಗೊತ್ತಾಗ್ತದ. ದಾಟ್ಲಿಲ್ಲಂದ್ರ ಅಲ್ಲಿಂದನೇ ತಿರುಗಿ ಮನಿಗಿ.”

ಸೇಡಂ ಸಮೀಪ ಲಾರಿಗಳ ಸಾಲು. ಮಳೆ ಸುರಿಯುತ್ತಿತ್ತು, ಗಾಡಿಗಳೆಲ್ಲ ನಿಂತು ನಾವೂ ನಿಂತೆವು. ಗಾಜು ಏರಿಸಿದ್ದರೆ ಮುಗಿಯುತ್ತಿತ್ತು. ಆದರೆ ಮೊದಲ ಮಳೆಗೆ ಮೂತಿ ಒಡ್ಡಿದ ನಾಯಿಯ ಮುಖಕ್ಕೆ ಗಾಜು ಏರಿಸುವವರು ಯಾರು? ರಸ್ತೆಯ ಆಚೆ ತಾಡಪತ್ರಿ ಹೊದ್ದ ಲಾರಿಯೊಂದು ಅಲುಗಿತು. ತಲೆ ಮೇಲೆ ಗೋಣಿಚೀಲ ಹಾಕಿಕೊಂಡಿದ್ದ ಅದರ ಕ್ಲೀನರ್ ಕೈ ಬೀಸಿದ.

“ಆನ್ ದೋ! ಆನ್ ದೋ!”

ಹಿಡಿಯುವಷ್ಟರಲ್ಲಿ ನಾಯಿ ಹಾರಿತ್ತು. ಕೆಸರು ನೀರು ಚಿಮ್ಮಿಸಿಕೊಂಡು ಲಾರಿಯ ಕಡೆಗೆ. ನನ್ನ ಕೈ ಬಾಗಿಲಿಗೆ ಹೋಯಿತು.

ಠಣ್!

ನಡುರಸ್ತೆಯಲ್ಲಿ ನಾಯಿ ನಿಂತಿತು. ಮಲಗಿದ ಕಿವಿ ಸಹ ಎದ್ದಿತು. ನಾನು ಅದನ್ನು ಎಂದೂ ಹಾಗೆ ಕಂಡಿರಲಿಲ್ಲ, ಎರಡೂ ಕಿವಿ ನೆಟ್ಟಗೆ.

“ಆನ್ ದೋ, ಆನ್ ದೋ!” ಲಾರಿ ಹಿಂದೆ ಬರುತ್ತಲೇ ಇತ್ತು. ನಾಯಿ ಅತ್ತ ನೋಡಿತು. ಒಂದು ಹೆಜ್ಜೆ ಇಟ್ಟಿತು.

ಮನೆಯಾಕೆ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿದ್ದಳು. ಸೆರಗು ತೊಯ್ದು ಹೋಗಿತ್ತು. ಎರಡೂ ಕೈಯಲ್ಲಿ ಸುತ್ತಿಗೆ ಹಿಡಿದು, ಅವಳ ತಂದೆ ಕಲ್ಲಿಗೆ ಹೊಡೆಯುತ್ತಿದ್ದರಲ್ಲ, ಹಾಗೆ ಹೊಡೆದಳು. ಠಣ್! ಠಣ್! ಠಣ್! ಮಳೆಯ ಸದ್ದು, ಎಂಜಿನ್ ಸದ್ದು, ಎಲ್ಲದರ ಮೇಲೆ ಅದೊಂದೇ ನಾದ.

ನಾಯಿ ತಿರುಗಿತು. ತಿರುಗಿದ್ದೇ ತಡ, ಬಂತು ನೋಡಿ! ಬಾಗಿಲು ತೆರೆಯುವುದಕ್ಕೂ ಕಾಯದೆ ಕಿಟಕಿಯಿಂದಲೇ ಒಳಗೆ ಹಾರಿ ಅವಳ ಮೈ ಮೇಲೆ ಬಿದ್ದಿತು. ಹೊಸ ಇಳಕಲ್ ಸೀರೆಯ ಮೇಲೆ ಸೇಡಮ್ಮಿನ ಕರಿ ಕೆಸರಿನ ನಾಲ್ಕು ಹೆಜ್ಜೆ. ಅವಳು ಅದನ್ನು ಅಪ್ಪಿಕೊಂಡು, ಬೈ ಬೈದು, ಉಡಿಯಲ್ಲಿ ಕಟ್ಟಿಕೊಂಡಿದ್ದ ರೊಟ್ಟಿ ತುಂಡು ಬಾಯಿಗೆ ತುರುಕಿದಳು. ಅಳುತ್ತಿದ್ದಳೋ ಮಳೆ ನೀರೋ, ನಾನು ಕೇಳಲಿಲ್ಲ. ನನ್ನ ಕಣ್ಣೂ ಒಣಗಿರಲಿಲ್ಲ.

“ಏನ್ ನೋಡ್ಲಿಕತ್ತೀರಿ?” ಅಂದಳು ಆಮೇಲೆ. “ಗಾಡಿ ಹೊಡೀರಿ. ಧಬಧಬಿ ಇನ್ನೂ ದೂರ ಅದ.”

ಸುಲೇಪೇಟ ಬಂತು, ಹೋಯಿತು. ಕರಿ ಮಣ್ಣು ಕೆಂಪಾಯಿತು. ಚಿಮ್ಮನಚೋಡದಲ್ಲಿ ಕಲ್ಲು ಇಳಿಸಿದೆ, ಒಂದು ಮೂಲೆಯೂ ಒಡೆದಿರಲಿಲ್ಲ. ಆಯಿ ಹೊಸಿಲಲ್ಲಿ ಕೂತು “ಆನ್ ಥೋ” ಅಂದಳು. ನಾಯಿ ಬಾಲ ಅಲ್ಲಾಡಿಸಿ ಹೋಗಿ ಮುದ್ದು ಮಾಡಿಸಿಕೊಂಡಿತು, ಆಮೇಲೆ ಮನೆಯಾಕೆಯ ಕಡೆ ತಿರುಗಿ ನೋಡಿತು. ಆಯಿ ನನಗೆ ಕಣ್ಣು ಹೊಡೆದಳು.

ಧಬಧಬಿ ಕಂಡ ಕೂಡಲೇ ಮನೆಯಾಕೆಯ ಬಾಯಿಂದಲೂ “ಅಬಬಬಬ” ಅಂತಲೇ ಬಂತು! ನಾನು ನೀರಿನ ಸಮೀಪದ ಬಂಡೆಯ ಮೇಲೆ ಹೋಗಿ, ಕೈ ಚಾಚಿ, ತುಂತುರಿಗೆ ಮುಖ ಕೊಟ್ಟು ನಿಂತೆ. ನಾಯಿ ಪಕ್ಕದಲ್ಲಿ, ಈ ವರ್ಷವಾದರೂ ನೀರು ನಿಲ್ಲುತ್ತದೇನೋ ಎಂದು ಬೊಗಳುತ್ತಿತ್ತು. ಆ ಗದ್ದಲದಲ್ಲಿ ಮನೆಯಾಕೆ ಗಾಡಿಯಿಂದ ಬಿಚ್ಚಿ ತಂದ ಫರಸಿ ತುಂಡನ್ನು ದೂರದ ತೇಗದ ಟೊಂಗೆಗೆ ಕಟ್ಟಿದ್ದು, ಅದರ ಕೆಳಗೆ ಬುತ್ತಿ ಬಿಚ್ಚಿದ್ದು, ಬಾ ಎಂದು ಎಷ್ಟೋ ಸಲ ಕರೆದದ್ದು ನಮಗೆ ಗೊತ್ತೇ ಆಗಲಿಲ್ಲ.

ಆಮೇಲೆ ಅವಳು ಕಲ್ಲು ಬಾರಿಸಿದಳು.

ನೀರಿನ ಅಷ್ಟು ದೊಡ್ಡ ಸದ್ದನ್ನು ಸೀಳಿಕೊಂಡು ಬಂತು ಅದು. ಹೊಟ್ಟೆ ಚುರ್ ಅಂದಿತು. ಇಬ್ಬರೂ ಓಡಿದೆವು. ನಾಯಿ ನನಗಿಂತ ಮುಂಚೆ ಮುಟ್ಟಿತು. ಅದಕ್ಕೆ ನಾಲ್ಕು ಕಾಲಿವೆ.